ಮೂಗೆತ್ತಿ ನಿಂತ ವ್ಯಾನು

ಮುಚ್ಚಳಕ್ಕೆ ಕೈ ಹಾಕಬೇಡಿ, ಅಂದೆ ಮೊದಲು.
ಮೊಣಕೈಯ ಈ ಬಿಳಿ ಕಲೆ ನೋಡಿ, ಟೀಚರ್,
ನಾನು ಬಂದ ವರ್ಷವೇ ಒಂದು ಪಿಕಪ್ ಹಾಕಿಕೊಟ್ಟ ರುಜು.
ಆರಲಿ. ಇಂಜಿನ್ ಕಾದಿದೆ, ನಾವೂ ಕಾಯೋಣ.
ನನ್ನ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು;
ಅದನ್ನು ಅರಬಿಯಲ್ಲಿ ಹೇಳಲು ಹೊರಟು ಸೋತೆ.

ಇಬ್ರಿಯ ಸನಾಯಿಯ, ಜುಲೈ, ಹಗಲು ಹನ್ನೊಂದು,
ತಗಡಿನ ಮಾಡಿನ ಕೆಳಗೆ ನಲವತ್ತಾರು.
ಎಂಬತ್ತಾರರ ವ್ಯಾನು, ಬಿಸ್ಕತ್ತಿನ ಬಣ್ಣ,
ಒಳಗೆ ಮಡಚುವ ಹಾಸಿಗೆ, ಒಂಟಿ ಗ್ಯಾಸ್ ಒಲೆ,
ಕೈಯಲ್ಲೇ ಹೊಲಿದ ಪರದೆ.
ಸಲೀಮಾ ಟೀಚರು ಮೂವತ್ತೊಂದು ವರ್ಷ
ಹುಡುಗಿಯರಿಗೆ ಭೂಪಟದಲ್ಲಿ ಮುಂಗಾರು ತೋರಿಸಿದವರು;
ಬಾಣದ ಗುರುತು ಸಲಾಲಾವನ್ನು ಮುಟ್ಟುವಲ್ಲಿ
ತಾವು ಇನ್ನೂ ನಿಂತಿಲ್ಲವಂತೆ.
ಮೂರು ಗ್ಯಾರೇಜು ಸುತ್ತಿದ್ದಾರೆ. ಮೂವರೂ
ಇಂಜಿನ್ ಇಳಿಸಬೇಕು ಅಂದಿದ್ದಾರೆ.

ಯಾವಾಗ ಕಾಯುತ್ತದೆ? ನಿಂತಾಗಲೋ, ಓಡುವಾಗಲೋ?
ಅವರು ನೋಟ್‌ಬುಕ್ ತೆರೆದರು, ಹಾಜರಿ ಕೂಗುವವರಂತೆ.
"ಸಿಗ್ನಲ್ಲಿನಲ್ಲಿ ಇಲ್ಲ. ಏರಿನಲ್ಲಿ ಇಲ್ಲ. ನೇರ ರಸ್ತೆಯಲ್ಲಿ,
ಸುಮ್ಮಸುಮ್ಮನೆ, ಮುಳ್ಳು ಕೆಂಪಿಗೆ ಹಾರುತ್ತದೆ,
ಎರಡು ನಿಮಿಷಕ್ಕೆ ತಾನೇ ಇಳಿಯುತ್ತದೆ.
ರೌಂಡಬೌಟ್ ಸುತ್ತಿದರೆ ಡ್ಯಾಶ್‌ಬೋರ್ಡಿನ ಹಿಂದೆ
ಯಾರೋ ಹೂಜಿಯಿಂದ ನೀರು ಬಗ್ಗಿಸಿದ ಸದ್ದು."
ಆಗ ಹೀಟರ್ ಹಾಕಿ ನೋಡಿದಿರಾ?
"ಹಾಕಿದೆ. ತಣ್ಣನೆ ಗಾಳಿ ಬಂತು."

ನನಗೆ ಅಲ್ಲೇ ಅರ್ಧ ಗೊತ್ತಾಯಿತು. ಆದರೂ
ಗೊತ್ತಾಯಿತು ಅಂದುಕೊಂಡವನ ಕೈಯೇ ಮೊದಲು ಸುಡುವುದು.

ಫ್ಯಾನಿಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟೆ: ತಿರುಗಿತು.
ಆಯಿಲ್ ಕಡ್ಡಿ ಎಳೆದೆ: ಕಪ್ಪು ಎಣ್ಣೆ, ಮಜ್ಜಿಗೆಯಾಗಿಲ್ಲ.
ಥರ್ಮೋಸ್ಟಾಟ್ ಬಿಚ್ಚಿ, ದಾರ ಕಟ್ಟಿ,
ವ್ಯಾನಿನದೇ ಒಲೆಯ ಮೇಲೆ, ಅವರದೇ ಚಹಾ ಪಾತ್ರೆಯಲ್ಲಿ ಇಳಿಬಿಟ್ಟೆ.
ಎಂಬತ್ತೇಳಕ್ಕೆ ಮರುವಾಯಿ ಚಿಪ್ಪಿನ ಹಾಗೆ ಬಾಯಿ ಬಿಟ್ಟಿತು.
ಟೀಚರು ಚಪ್ಪಾಳೆ ತಟ್ಟಿದರು.

ನಾನು ಕಲಿತದ್ದು ಗಂಗೊಳ್ಳಿಯ ದೋಣಿಗಳಲ್ಲಿ.
ಅಲ್ಲಿ ಇಡೀ ಕಡಲೇ ರೇಡಿಯೇಟರ್;
ಒಂದು ಕಡೆ ಹೀರು, ಇನ್ನೊಂದು ಕಡೆ ಉಗುಳು,
ಲೆಕ್ಕ ಕೇಳುವವರಿಲ್ಲ.
ಇಲ್ಲಿ ಹದಿನಾರು ಲೀಟರು. ಅದೇ ಹದಿನಾರು
ಸುತ್ತಿ ಸುತ್ತಿ ಬರಬೇಕು: ಹಿಂದೆ ಇಂಜಿನ್, ಮುಂದೆ ರೇಡಿಯೇಟರ್,
ನಡುವೆ ಹೊಟ್ಟೆಯುದ್ದ ಎರಡು ಪೈಪು.
ಸಮನೆಲದಲ್ಲಿ ನಿಲ್ಲಿಸಿ ನೀರು ತುಂಬಿದರೆ
ಎಲ್ಲೋ ಒಂದು ಗುಟುಕು ಗಾಳಿ ಉಳಿದುಬಿಡುತ್ತದೆ,
ಬಾಗಿಲಲ್ಲಿ ಕೂತ ವಸೂಲಿಯವನ ಹಾಗೆ,
ತಾನೂ ಹೋಗದು, ಹೋಗುವವರನ್ನೂ ಬಿಡದು.

ಮುಂದಿನ ಚಕ್ರ ಎರಡನ್ನೂ ಇಳಿಜಾರು ಕಟ್ಟೆ ಹತ್ತಿಸಿದೆ.
ವ್ಯಾನು ಮೂಗೆತ್ತಿ ನಿಂತಿತು, ದೂರದ ನೀರು ಮೂಸುವ ಒಂಟೆ.
ಟೀಚರು ಆಕ್ಸಿಲರೇಟರ್ ಒತ್ತಿ ಹಿಡಿದರು,
ನಾನು ರೇಡಿಯೇಟರಿನ ನೆತ್ತಿಯ ಸ್ಕ್ರೂ ಸಡಿಲಿಸಿದೆ.
ಮೊದಲು ಬುಸ್. ಆಮೇಲೆ ನೊರೆ. ಆಮೇಲೆ ಕೆಮ್ಮು.
ಎಷ್ಟೋ ಹೊತ್ತು ಬರೀ ಕೆಮ್ಮು.
ಕೊನೆಗೆ ಹಸಿರು ನೀರು, ನೂಲಿನಂತೆ, ತುಂಡಾಗದೆ.

ಗಾಳಿ ಹೋಯಿತು, ಸರಿ. ಬಂದದ್ದು ಎಲ್ಲಿಂದ?
ಹಿಂದಿನ ಸೀಟಿನ ಕೆಳಗೆ, ಹಳೆಯ ಅಟ್ಲಾಸುಗಳ ಹಿಂದೆ,
ಹೀಟರ್ ಪೈಪಿನ ಕ್ಲಿಪ್ಪಿಗೆ ಹಸಿರು ಉಪ್ಪು ಕಟ್ಟಿತ್ತು.
ಬದಲಿಸಿದೆ. ಮತ್ತೆ ಮೂಗೆತ್ತಿಸಿದೆ, ಮತ್ತೆ ಕೆಮ್ಮಿಸಿದೆ.
ಕ್ಲಿಪ್ಪಿಗೆ ಇನ್ನೂರು ಬೈಸಾ.
ಟೀಚರು ಬಿಲ್ಲನ್ನು ಎರಡು ಸಲ ಓದಿದರು.

ಮುಳ್ಳು ಮತ್ತೆ ಏರಿದರೆ ಹೀಟರ್ ಪೂರ್ತಿ ಹಾಕಿ, ಕಿಟಕಿ ತೆರೆಯಿರಿ,
ಒಂದಿಷ್ಟು ಬಿಸಿ ಆ ದಾರಿಯಲ್ಲೂ ಹೋಗಲಿ, ಅಂದೆ.
"ಈ ಬೇಸಗೆಯಲ್ಲಿ ಹೀಟರ್!" ನಕ್ಕರು.

ನಾಲ್ಕನೆಯ ದಿನ ಫೋನಿಗೆ ಒಂದು ಚಿತ್ರ:
ಬರೀ ಬಿಳುಪು. ವೈಪರ್ ಒರೆಸಿದಷ್ಟು ಜಾಗದಲ್ಲಿ ಹುಲ್ಲು.
ಕೆಳಗೆ, "ಹೀಟರ್ ಹಾಕಿದ್ದೇನೆ, ಜಟ್ಟಿಗ.
ಇಂಜಿನ್ನಿಗಲ್ಲ. ನನಗೇ ಚಳಿ."

ಆಗ ನಾನು ಇನ್ಯಾರದೋ ಪಿಕಪ್ಪಿನ ಮುಚ್ಚಳದ ಮೇಲೆ
ಒದ್ದೆ ಬಟ್ಟೆ ಹಾಸಿ ಕಾಯುತ್ತಿದ್ದೆ.