ಆಕಾಶಕ್ಕೆ ಅಳತೆ ಕೊಟ್ಟದ್ದು

ರವಕೆಗೆ ಅಳತೆ ಕೊಟ್ಟವಳು ನಾನು.
ಆಕಾಶಕ್ಕೆ ಕೊಟ್ಟದ್ದು ಅದೇ ಮೊದಲು.

ಹೊಯಿಗೆ ಬಜಾರಿನ ಮುಚ್ಚಿದ ಹಂಚಿನ ಕಾರ್ಖಾನೆ.
ಆವಿಗೆ ಆರಿ ಎಷ್ಟು ವರ್ಷವೋ, ಗೋಡೆ ಇನ್ನೂ ಕೆಂಪು.
ಆ ಗೋಡೆಗೆ ಕಟ್ಟಿದ್ದರು ಐವಿ ಬಾಯಿ
ಬೋಟಿನ ಹಳೆ ತಾಡಪಾಲು,
ಬಟ್ಟೆಗೆ ಹಾಕುವ ನೀಲಿಯಲ್ಲೇ ಅದ್ದಿದ್ದು.
‘ಬಗ್ಗಿ ಜಲಜಕ್ಕ, ಕೈ ಆಚೆ, ಕಾಲು ಈಚೆ,
ಬೆನ್ನು ಕಮಾನಿನ ಹಾಗೆ.’
ಎದುರಿನಿಂದ ಒಂದು ಲೈಟು.
ಗೋಡೆಯ ಮೇಲೆ ನಾನು, ನನಗಿಂತ ನಾಲ್ಕು ಪಾಲು.

ಬಗ್ಗುವುದನ್ನು ಹೇಳಿಕೊಡಬೇಕಾ ನನಗೆ?
ಧಕ್ಕೆಯಲ್ಲಿ ಮೂವತ್ತು ವರ್ಷ
ಸಿಗಡಿ ಹೆಕ್ಕಿದ ಸೊಂಟ ಇದು.
ಆದರೆ ಹೆಕ್ಕಲು ಏನೂ ಇಲ್ಲದ ನೆಲಕ್ಕೆ
ಸುಮ್ಮನೆ ಕೈಯೂರಿ ನಿಂತದ್ದು ಯಾವಾಗ?
ಬೆರಳಿಗೆ ನಾಚಿಕೆಯಾಯಿತು.

ಸೀಮೆಸುಣ್ಣ ಎಳೆಯುತ್ತ ಬಾಯಿ ಹೇಳಿದರು:
ಈಜಿಪ್ಟಿನವರ ಆಕಾಶ ಹೆಂಗಸಂತೆ,
ಹೆಸರು ನೂತ್.
ಸಂಜೆ ಸೂರ್ಯನನ್ನು ನುಂಗುತ್ತಾಳಂತೆ,
ರಾತ್ರಿಯಿಡೀ ಅವಳ ಮೈಯೊಳಗೆ ಅವನು ದೋಣಿಯಲ್ಲಿ ಸಾಗಿ
ಬೆಳಿಗ್ಗೆ ಹುಟ್ಟುತ್ತಾನಂತೆ.
ಅಯ್ಯೋ, ದಿನಾ ಬಾಣಂತಿಯಾ ಮಾರಾಯ್ತಿ!
ಭೂಮಿ ಅಲ್ಲಿ ತಾಯಿಯಲ್ಲ, ಗಂಡ.
ಒಂದು ಮೊಣಕೈ ಊರಿಕೊಂಡು
ಅಡಿಯಲ್ಲಿ ಮಲಗಿಯೇ ಇರುತ್ತಾನಂತೆ.
ಅಂಥವರು ನಮ್ಮ ಬೆಂಗ್ರೆಯಲ್ಲೂ ಉಂಟು, ಎಂದೆ.
ನಕ್ಕಾಗ ನೆರಳು ಕುಲುಕಿತು, ಗೆರೆ ತಪ್ಪಿತು.
ಬೇಕಾದರೆ ಹೋಗಿ ನೋಡಿ,
ಹೊಕ್ಕುಳ ಹತ್ತಿರ ಆಕಾಶ ಸ್ವಲ್ಪ ಡೊಂಕು.

ನಕ್ಷತ್ರಕ್ಕೆ ಕೊಡ್ಡಾಯಿ ಮೀನಿನ ಹುರುಪೆ.
ಎರಡು ಬುಟ್ಟಿ ನಾನೇ ಹೊತ್ತು ತಂದೆ.
ತೊಳೆದು, ಒಣಗಿಸಿ, ಒಂದೊಂದೇ ಅಂಟಿಸಿ
ಎಂಟು ದಿನ ಹಿಡಿಯಿತು, ತೊಡೆಯವರೆಗೆ ಬರಲು.
ಎಷ್ಟು ತೊಳೆದರೂ ವಾಸನೆ ಹೋಗಬೇಕಲ್ಲ!
ಬಂದರಿನ ಮೂರು ಬೆಕ್ಕು ಬಂದು
ಕತ್ತೆತ್ತಿ ಕೂತವು, ರಾತ್ರಿ ನೋಡುತ್ತ.
ಓಡಿಸಬೇಡಿ ಅಂದರು ಬಾಯಿ,
ಆ ದೇಶದಲ್ಲಿ ಅವೂ ದೇವರೇ.

ದೋಣಿಗೆ ದಾರಿಯಲ್ಲಿ ಒಂದು ಹಾವು ಅಡ್ಡ ಬರುತ್ತದಂತೆ,
ಪ್ರತಿ ರಾತ್ರಿ, ತಪ್ಪದೆ.
ಅದಕ್ಕೆ ಹೆಡೆ ಎಷ್ಟು ದೊಡ್ಡದು ಮಾಡಲಿ ಎಂದು ಕೇಳಿದರು.
ಹೆಡೆ ಬೇಡ, ಎಂದೆ.
ಅಳಿವೆ ಬಾಗಿಲಿನ ಮರಳ ದಿಣ್ಣೆಗೆ ಹೆಡೆ ಎಲ್ಲಿ?
ಇವತ್ತು ಇಲ್ಲಿ, ನಾಳೆ ಅಲ್ಲಿ,
ಮೇಲೆ ನೀರು ಎಂದಿನ ಹಾಗೆಯೇ ಹೊಳೆಯುತ್ತದೆ.
ನನ್ನ ತಮ್ಮ ವಾಸುವಿನ ಬೋಟು ಬೆಳಿಗ್ಗೆ ಹುಟ್ಟಲಿಲ್ಲ.
ಬಾಯಿ ಏನೂ ಮಾತಾಡಲಿಲ್ಲ.
ಎದೆಯಿಂದ ಹೊಟ್ಟೆಗೆ ಇಳಿಯುವಲ್ಲಿ
ಒಂದು ಗೇಣು ಜಾಗ ಹಾಗೇ ಬಿಟ್ಟರು,
ನೀಲಿ ಮಾತ್ರ. ಒಂದು ಹುರುಪೆಯೂ ಇಲ್ಲ.

ತೆರೆದ ದಿನ ಊರೇ ಬಂದಿತ್ತು.
ಮಾಡಿನಡಿ ತೂಗಿದ್ದರು ನನ್ನನ್ನು,
ಬಾಯಿ ಕಡಲಿಗೆ, ಪಾದ ಹೊಳೆಗೆ.
ಕಾಲೇಜಿನ ಹುಡುಗಿಯರು ನೆಲದಲ್ಲಿ ಅಂಗಾತ ಮಲಗಿ ಫೋಟೋ ತೆಗೆದರು.
ಕನ್ನಡಕದ ಒಬ್ಬರು ಆ ಖಾಲಿ ಜಾಗ ತೋರಿಸಿ
ಕೆಲಸ ಮುಗಿದಿಲ್ಲವಾ ಅಂತ ಕೇಳಿದರು.
ಚೀಟಿಯಲ್ಲಿ ಬರೆದಿತ್ತು: ನೂತ್.
ತಾಡಪಾಲು, ನೀಲಿ, ಹುರುಪೆ, ಜಲಜಾಕ್ಷಿ ತಿಂಗಳಾಯ.
ಸಾಮಾನಿನ ಪಟ್ಟಿಯಲ್ಲಿ ನಾನು.
ಸಿಟ್ಟು ಬರಬೇಕಿತ್ತೋ ಏನೋ,
ಎರಡು ಸಲ ಓದಿದೆ.
ನನ್ನದೇ ಹೊಟ್ಟೆಯ ಅಡಿಯಲ್ಲಿ ನಿಂತು
ಟೀ ಕುಡಿದೆ, ಬಿಸ್ಕೂಟು ತಿಂದೆ.

ಬಂದರಿನಿಂದ ಆರೂಕಾಲರ ಫೆರಿ.
ಎದುರಿಗೇ ಅವನು, ಬೆಂಗ್ರೆಯ ತೆಂಗುಗಳ ಹಿಂದೆ,
ಕೆಂಪಗೆ, ಇನ್ನೇನು ಬೀಳುವ ಹಾಗೆ.
ನನಗೆ ಆಕಳಿಕೆ ಬಂತು.
ಬಾಯಿ ಮುಚ್ಚುವಾಗ ನೋಡುತ್ತೇನೆ, ಇಲ್ಲ.

ಚಿಲ್ಲರೆ ಉಂಟಾ ಅಕ್ಕ, ಎಂದ ಟಿಕೇಟಿನ ಹುಡುಗ.
ಬಾಯಿ ತೆರೆಯಲಿಲ್ಲ ನಾನು.
ಕತ್ತು ಅಲ್ಲಾಡಿಸಿದೆ.