ಅನುಭವ: ಹನ್ನೊಂದು ದಿನ

ಅರ್ಜಿಯ ಏಳನೇ ಕಾಲಂ ಕೇಳುತ್ತದೆ
ಹಿಂದಿನ ಕೆಲಸ, ಅವಧಿ, ಬಿಟ್ಟ ಕಾರಣ.
ಪೆನ್ನು ಅಲ್ಲೇ ನಿಂತಿದೆ,
ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಬಿದ್ದಾಗ
ನಿಂತ ಆಟೋದ ಹಾಗೆ, ಇಂಜಿನ್ನು ಆರಿಸದೆ.

ಮಾಡಿದ್ದೇನೆ ಸ್ವಾಮಿ, ಒಂದು ಕೆಲಸ ಮಾಡಿದ್ದೇನೆ.
ಪಿ.ಜೆ. ಬಡಾವಣೆಯಲ್ಲಿ, ಹಲ್ಲಿನ ಡಾಕ್ಟರ ಮೇಲಿನ ಮಹಡಿ,
ಬಾಡಿಗೆಗೆ ತಂದ ಇಪ್ಪತ್ತು ಕುರ್ಚಿ,
ಬೆನ್ನ ಮೇಲೆ ಇನ್ನೂ ಶಾಮಿಯಾನದವನ ಹೆಸರು.
ಗೋಡೆಗೆ ಒಂದು ವಿಮಾನದ ಚಿತ್ರ;
ಈ ಊರಲ್ಲಿ ಇಳಿಯದ ಅದನ್ನೇ
ಎಲ್ಲರೂ ನೋಡುತ್ತ ಕೂತಿರುತ್ತಿದ್ದರು.

ನನ್ನ ಕೆಲಸ ಕೂರುವುದು.
ಬಂದವರ ನಡುವೆ ಬಂದವನ ಹಾಗೆ ಕೂರುವುದು,
ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು,
ಫೈಲಿನೊಳಗೆ ಹಳೇ ಕ್ಯಾಲೆಂಡರಿನ ಹಾಳೆ.
ಹೆಸರು ಕೂಗಿದಾಗ ಒಳಗೆ ಹೋಗಿ
ಸಾಹೇಬರ ಜೊತೆ ಚಹಾ ಕುಡಿದು
ಏಳು ನಿಮಿಷಕ್ಕೆ ಹೊರಗೆ ಬಂದು
ಎದೆ ಮೇಲೆ ಕೈ ಇಟ್ಟು "ಸಿಕ್ತು ಕಣ್ರಿ!" ಅನ್ನುವುದು.
ದಿನಕ್ಕೆ ಮುನ್ನೂರು.
ಅನ್ನುವಾಗ ಕಣ್ಣು ಒದ್ದೆಯಾದರೆ ಐವತ್ತು ಜಾಸ್ತಿ.
ಸೋಮವಾರ ನಾನು ಹರಿಹರದ ನಾಗೋಜಿ,
ಮಂಗಳವಾರ ಜಗಳೂರಿನವನು, ಡಿಪ್ಲೊಮಾ ಫೇಲು,
ಬುಧವಾರ ಅಪ್ಪ ಇಲ್ಲದವನು.
ಬುಧವಾರ ರಾತ್ರಿ ಅಪ್ಪನ ಎದುರು ಕೂತು ಉಣ್ಣಲಾಗಲಿಲ್ಲ.

"ನಿಮ್ಮ ಬಗ್ಗೆ ನೀವೇ ಹೇಳಿ" ಅನ್ನುತ್ತಿದ್ದರು ಸಾಹೇಬರು,
ಕಿವಿಯಲ್ಲಿ ಬೆಂಕಿಕಡ್ಡಿ ತಿರುಗಿಸುತ್ತ.
ಹೇಳಿದ್ದು ಏನೇ ಇರಲಿ, "ವೆರಿ ಗುಡ್".
ಆ ಕೋಣೆಯಲ್ಲಿ ಯಾರೂ ಫೇಲಾಗಲಿಲ್ಲ;
ನನಗೆ ಮೊದಲು ಅನುಮಾನ ಬಂದದ್ದೇ ಅದಕ್ಕೆ.
ಎಸ್ಸೆಸ್ಸೆಲ್ಸಿಗೆ ನನ್ನನ್ನು ಮೂರು ಸಲ ಕೂರಿಸಿದ ಲೋಕ
ಯಾರನ್ನೂ ಇಷ್ಟು ಸಲೀಸಾಗಿ ಪಾಸು ಮಾಡುವುದಿಲ್ಲ.
ಆಮೇಲೆ ಯೂನಿಫಾರ್ಮಿಗೆ, ಟ್ರೇನಿಂಗಿಗೆ, ಮೆಡಿಕಲ್ಲಿಗೆ ಅಂತ
ಎರಡು ಸಾವಿರದ ಒಂಬೈನೂರು.
ರಸೀದಿ ಕೊಡುತ್ತಿದ್ದರು, ಅದೊಂದು ನಿಯತ್ತು;
ಮೊಹರಿನಲ್ಲಿ ಊರಿನ ಹೆಸರೇ ತಪ್ಪು.

ಒಂಬತ್ತನೇ ದಿನ ಪಕ್ಕ ಬಂದು ಕೂತವಳು ಶಾಹಿನಾ.
ಮಂಡಕ್ಕಿ ಭಟ್ಟಿಯ ಕಡೆಯವಳು. ಹೇಳಬೇಕಿರಲಿಲ್ಲ,
ಅವಳ ಮಾರ್ಕ್ಸ್ ಕಾರ್ಡಿಗೂ ಹೊಟ್ಟಿನ ಹೊಗೆಯ ವಾಸನೆ,
ಬಿಕಾಂ, ಅರವತ್ತೆಂಟು ಪರ್ಸೆಂಟು, ಅಂಚು ಕಂದಿತ್ತು.
ಬ್ಯಾಗಿನಿಂದ ಪೇಪರಿನ ಪೊಟ್ಟಣ ತೆಗೆದು
"ತಗೊಳ್ರಿ ಅಣ್ಣ, ಬೆಳಿಗ್ಗೆ ಹುರಿದಿದ್ದು, ಗರಿಗರಿ ಐತೆ" ಎಂದಳು.
ತಿಂದೆ. ಉಪ್ಪು ಹದವಾಗಿತ್ತು.
"ಒಳಗೆ ಏನೇನ್ ಕೇಳ್ತಾರಂತೆ?"
"ಏನಿಲ್ಲಮ್ಮ, ಸಲೀಸು" ಅಂದೆ.
ಅಂದೆ.
ಈ ಸಾಲನ್ನು ಬೇರೆ ಥರ ಬರೆಯಲು ನೋಡಿದ್ದೇನೆ,
ಬರುವುದಿಲ್ಲ.

ಅವಳು ನನಗಿಂತ ಮೊದಲು ಒಳಗೆ ಹೋದಳು,
ಪೊಟ್ಟಣ ನನ್ನ ಕೈಗೇ ಕೊಟ್ಟು.
ಹೊರಗೆ ಬಂದಾಗ ಕೈಯಲ್ಲಿ ರಸೀದಿ,
ನನ್ನ ಮುಖ ನೋಡಿ ಏನನ್ನಿಸಿತೋ,
"ನಿಮಗೂ ಆಕ್ಕೈತೆ ಬಿಡ್ರಿ, ಹೆದರಬ್ಯಾಡ್ರಿ" ಎಂದು
ನನಗೇ ಧೈರ್ಯ ಹೇಳಿ ಮೆಟ್ಟಿಲಿಳಿದಳು.
ಆವತ್ತು ಐವತ್ತು ಜಾಸ್ತಿ ಬರೆದುಕೊಂಡರು ನನ್ನ ಹೆಸರಿಗೆ.

ಹನ್ನೆರಡನೇ ದಿನ ಬಾಗಿಲಿಗೆ ಬೀಗ.
ಕುರ್ಚಿ ಒಯ್ಯಲು ಬಂದ ಶಾಮಿಯಾನದವನು
ಯಾರಿಗೆಂದು ಗೊತ್ತಿಲ್ಲದೆ ಬೈಯುತ್ತಿದ್ದ.
ನನ್ನ ಮೂರು ದಿನದ ಕೂಲಿ ಒಳಗೇ, ಆ ಐವತ್ತೂ.
ಮೆಟ್ಟಿಲ ತುಂಬ ಜನ. ನಾನೂ ಕೂತೆ,
ಈ ಸಲ ಯಾರೂ ಕಾಸು ಕೊಡದೆ.
"ನಿಂದೆಷ್ಟು ಹೋತಪ್ಪ?" ಎಂದರು ಯಾರೋ, ಬೆನ್ನು ಸವರಿ.
ಶಾಹಿನಾ ಬಂದಿರಲಿಲ್ಲ; ಅವಳಿಗೆ ಸೇರಲು ಹೇಳಿದ್ದು ಒಂದನೇ ತಾರೀಖು,
ಇನ್ನೂ ನಾಲ್ಕು ದಿನ ಇತ್ತು.

ಆ ಕಂಪನಿ ಕೊಟ್ಟ ಕೆಲಸ ಒಂದೇ ಒಂದು.
ಅದು ನನಗೆ ಸಿಕ್ಕಿತ್ತು.

ಈಗ ಹದಡಿ ರಸ್ತೆಯ ಗೋದಾಮು, ಲೆಕ್ಕ ಬರೆಯುವವರು ಬೇಕಂತೆ.
ಕೂರುವ ಮೊದಲು ಕುರ್ಚಿ ತಿರುಗಿಸಿ ಬೆನ್ನು ನೋಡಿದೆ,
ಹೆಸರಿಲ್ಲ.
ಪಕ್ಕದವನು ಸುಮ್ಮನೆ ನಗುತ್ತಾನೆ, ತೊಡೆಯ ಮೇಲೆ ಫೈಲು.
ಏಳನೇ ಕಾಲಂ ಖಾಲಿ ಬಿಟ್ಟು
ಅವನ ಫೈಲಿನೊಳಗೆ ಏನಿದೆ ಎಂದು
ಬಗ್ಗಿ ಬಗ್ಗಿ ನೋಡುತ್ತಿದ್ದೇನೆ.