ನಕ್ಷೆಯ ಮೊಳೆ

ಮೂರನೇ ತರಗತಿಯ ಗೋಡೆಯಿಂದ
ಕರ್ನಾಟಕದ ನಕ್ಷೆ ಇಳಿಸಿದೆವು.
ಅದೇ ಮೊಳೆಗೀಗ ಸಲೈನ್ ಬಾಟಲಿ.

ಹೊರಸಿನ ನಡುವೆ ನುಲಿ ಕತ್ತರಿಸಿ
ಕೆಳಗೆ ಬಕೆಟ್ ಇಟ್ಟವಳು ಆಶಾ ಲಾಲಮ್ಮ.
ಬ್ಲೀಚಿಂಗ್, ಫಿನಾಯಿಲ್, ಮತ್ತೆ ಆ ಇನ್ನೊಂದು ವಾಸನೆ.
ಕಾಲರಾ ಅನ್ನಲಿಲ್ಲ ಯಾರೂ,
'ಬ್ಯಾನಿ' ಅಂದರು, ಅಷ್ಟೇ.

ಹಳ್ಳದಾಚೆ ತೆಲಂಗಾಣ.
ಪೈಪು ನಮ್ಮದು, ಒಡೆದದ್ದು ಅಲ್ಲಿ;
ಅಲ್ಲ, ಪೈಪು ಅವರದು, ಒಡೆದದ್ದು ಇಲ್ಲಿ.
ಎರಡೂ ಕಡೆಯ ಎಂಜಿನಿಯರುಗಳು
ಸೇತುವೆ ಮೇಲೆ ನಿಂತು ಇನ್ನೂ ಮಾತಾಡುತ್ತಿದ್ದಾರೆ.

ಅಷ್ಟರಲ್ಲಿ ಬಂದೇನವಾಜ
ಟಂಟಂನಿಂದ ಮೆಣಸಿನಕಾಯಿ ಚೀಲ ಕೆಡವಿ
ಆಚೆಯ ಏಳು ಮಂದಿಯನ್ನು ಹೊತ್ತು ತಂದ.
ಬಾಡಿಗೆ ಕೇಳಲಿಲ್ಲ,
ಗಾಡಿ ತೊಳೆಯಲು ನೀರು ಕೇಳಿದ.
ಯಾವ ನೀರು ಕೊಡಲಿ?

ಕಣ್ಣು ಗುಳಿಬಿದ್ದ ಮುದುಕಿ 'ನೀಳ್ಳು' ಅಂದಳು.
ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಉಪ್ಪು,
'ತಗೊ ಯವ್ವಾ, ಗುಟುಕು ಗುಟುಕು.'

ಫಾರಮ್ಮಿನಲ್ಲಿ 'ರಾಜ್ಯ' ಅಂತ ಒಂದು ಖಾನೆ.
ನನ್ನ ಪೆನ್ನು ತಡೆದು ಲಾಲಮ್ಮ,
'ಉಚ್ಚಿ ಹೊಯ್ದಳೋ ಇಲ್ಲೋ ಮೊದಲು ಬರ್ಕೋರಿ ಸರ,
ನಿನ್ನೆಯಿಂದ ಒಂದು ಹನಿ ಇಲ್ಲ' ಅಂದಳು.

ನಸುಕಿನ ನಾಲ್ಕಕ್ಕೆ ಮುದುಕಿ ಉಚ್ಚಿ ಹೊಯ್ದಳು.
ಮಕ್ಕಳ ಬೆಂಚಿನ ಮೇಲೆ
ಮೊಣಕಾಲು ಮಡಚಿ ಕೂತಿದ್ದ ನಾವಿಬ್ಬರೂ
ಹುಚ್ಚರಂತೆ ನಕ್ಕೆವು.